ಐಸಕ್ಕನ ಮೂರು ಸೆಕೆಂಡು

ಬೆಳಗಿನ ಐದೂವರೆ. ಅವರು ಅಡುಗೆಮನೆಯ ದೀಪದ ಕೆಳಗೆ ಕೂತು ಮಗಳ ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಿದ್ದಾರೆ. ಒಲೆಯ ಮೇಲೆ ಹಾಲಿದೆ, ಪಕ್ಕದ ಕಟ್ಟೆಯಲ್ಲಿ ಒಂದು ಸ್ಟೀಲ್ ತಟ್ಟೆ, ತಟ್ಟೆಯೊಳಗೆ ಬೋರಲು ಹಾಕಿದ ಮೊಬೈಲು. ಗುಂಡಿಯ ನಾಲ್ಕು ತೂತುಗಳಲ್ಲಿ ಮೂರಕ್ಕೆ ದಾರ ಏರಿದೆ. ನಾಲ್ಕನೆಯದಕ್ಕೆ ಸೂಜಿ ತೂರಿಸಬೇಕು, ಅಷ್ಟರಲ್ಲಿ ತಟ್ಟೆ ಗಡಗಡ ನಡುಗುತ್ತದೆ. ಫೋನು ಬಂದರೆ ತಟ್ಟೆ ನಡುಗುವುದು ಕಣ್ಣಿಗೆ ಬೀಳಲಿ ಎಂದೇ ಅದನ್ನು ಅಲ್ಲಿಡುವುದು. ಯಾಕೆ ಹೀಗೆ ಎಂದು ಮನೆಯಲ್ಲಿ ಈವರೆಗೆ ಯಾರೂ ಕೇಳಿಲ್ಲ.

ಫೋನನ್ನು ಬಲಗಿವಿಗೆ ಒತ್ತಿ ಹಿಡಿದು "ಏನು? ಏನಂದ್ರಿ?" ಎಂದು ಎರಡು ಸಲ ಕೇಳುತ್ತಾರೆ. ಹಲ್ಲುಜ್ಜುತ್ತಾ ಬಂದ ಹತ್ತು ವರ್ಷದ ಮಗಳು ಬಾಯಿಂದ ಬ್ರಷ್ ತೆಗೆದು, ಅಮ್ಮನ ಮುಖಕ್ಕೆ ನೇರವಾಗಿ ನಿಂತು, ಹೊರಗೂ ಕೇಳುವಷ್ಟು ಜೋರಾಗಿಟ್ಟ ಫೋನಿನಲ್ಲಿ ಹೇಳಿದ್ದನ್ನೇ ಒಂದೊಂದು ಮಾತಾಗಿ ಬಿಡಿಸಿ ಒಪ್ಪಿಸುತ್ತಾಳೆ: ರಾತ್ರಿ ಕಾರ್ಖಾನೆಯ ಐಸ್ ಮೆಷಿನ್ ಕೆಟ್ಟು ನಿಂತಿದೆ, ಕುಲುಮೆಯಲ್ಲಿ ಆರು ನಳಿಕೆ ಇವೆ, ಏಳು ಗಂಟೆಗೆ ಹೊರಗೆ ತೆಗೆಯಬೇಕು, ಐಸ್ ಇಲ್ಲ. ಸೂಜಿ ಅಂಗಿಯಲ್ಲೇ ಉಳಿಯುತ್ತದೆ. ಅಮ್ಮ ಒಲೆ ಆರಿಸಿ ಫ್ರಿಜ್ಜಿನ ಬಾಗಿಲು ತೆರೆಯುತ್ತಾರೆ.

ಇವರನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದು ಐಸಕ್ಕ ಎಂದು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ಸಂಬಳದ ದಿನ ಮಾತ್ರ ಅದು ಹೊರಗೆ ಬರುತ್ತದೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ನಾಲ್ಕು ಕೋಣೆ, ಒಂಬತ್ತು ಜನ. ಅಲ್ಲಿ ಕಬ್ಬಿಣ ಮತ್ತು ಪಲ್ಲಾಡಿಯಂ ಬೆರೆಸಿದ ತಂತಿ ತಯಾರಾಗುತ್ತದೆ. ಕರಗಿಸಲು ಒಬ್ಬರು, ಎಳೆದು ಸಣ್ಣ ಮಾಡಲು ಒಬ್ಬರು, ಅಳೆಯಲು ಇಬ್ಬರು. ಕೆಂಪಗೆ ಕಾದ ತಂತಿಯನ್ನು ಐಸ್ ನೀರಿಗೆ ಹಾಕುವ ಕೆಲಸ ಆರು ವರ್ಷದಿಂದ ಐಸಕ್ಕನದು. ಹೊರಗಿನವರಿಗೆ ಹೇಳಿದರೆ ನೀರಿಗೆ ಹಾಕೋದಾ, ಅಷ್ಟೇನಾ ಎನ್ನುತ್ತಾರೆ. ಅದಕ್ಕೆ ಅವರು ಹೇಳುವುದನ್ನೇ ಬಿಟ್ಟಿದ್ದಾರೆ.

ಪಲ್ಲಾಡಿಯಂ ಬೆಳ್ಳಿಯ ಹಾಗೆ ಹೊಳೆಯುವ, ಚಿನ್ನದ ಸಾಲಿನಲ್ಲಿ ಕೂರುವ ಲೋಹ. ಈ ತಂತಿಯಲ್ಲಿ ನೂರು ಪರಮಾಣು ಎಣಿಸಿದರೆ ಎಪ್ಪತ್ತು ಕಬ್ಬಿಣದವು, ಮೂವತ್ತು ಪಲ್ಲಾಡಿಯಂನವು. ಪಲ್ಲಾಡಿಯಂ ಭಾರದ ಲೋಹವಾದ್ದರಿಂದ ತಕ್ಕಡಿಯಲ್ಲಿಟ್ಟರೆ ಅರ್ಧಕ್ಕೆ ಹತ್ತಿರದ ತೂಕ ಅದರದ್ದೇ. ನೋಡಲು ಸಾಮಾನ್ಯ ತಂತಿ. ತಣ್ಣೀರಿನಲ್ಲಿ ಹಿಡಿದು ಕೊಕ್ಕೆಯ ಹಾಗೆ ಬಾಗಿಸಿ, ಆಮೇಲೆ ಬೆಚ್ಚಗಿನ ನೀರಿಗೆ ಬಿಟ್ಟರೆ ಗುಣ ಕಾಣುತ್ತದೆ. ನಿದ್ದೆಯಿಂದ ಎದ್ದ ಮಗು ಮೈ ಮುರಿದ ಹಾಗೆ ತಂತಿ ತಾನಾಗಿ ನೆಟ್ಟಗಾಗುತ್ತದೆ. ಮೊದಲಿನ ಆಕಾರ ಅದಕ್ಕೆ ನೆನಪಿರುತ್ತದೆ. ಅಯಸ್ಕಾಂತ ಹತ್ತಿರ ತಂದರೂ ಕೂದಲೆಳೆಯಷ್ಟು ಉದ್ದ ಗಿಡ್ಡ ಆಗುತ್ತದೆ, ಯಾರೂ ಮುಟ್ಟದೆ, ಬ್ಯಾಟರಿ ಇಲ್ಲದೆ. ಇಂಥ ಗುಣದ ಬೇರೆ ಲೋಹಗಳೂ ಉಂಟು. ಆದರೆ ಅವುಗಳಲ್ಲಿ ಕೆಲವು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತವೆ, ಇದು ಎಳೆದರೆ ಎಳೆಯಾಗುತ್ತದೆ, ತಟ್ಟಿದರೆ ಹಾಳೆಯಾಗುತ್ತದೆ.

ಈ ತಂತಿ ಇಲ್ಲಿಂದ ಒಂದು ಪ್ರಯೋಗಶಾಲೆಗೆ ಹೋಗುತ್ತದೆ. ತಲೆಯಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆಯ ಮಕ್ಕಳಿಗಾಗಿ ಅಲ್ಲಿನವರು ಅಕ್ಕಿಕಾಳಿನಷ್ಟು ಚಿಕ್ಕ ಕವಾಟವೊಂದನ್ನು ಮಾಡಲು ಹೆಣಗುತ್ತಿದ್ದಾರೆ. ಒಳಗಿನ ಕವಾಟವನ್ನು ಹೊರಗಿನಿಂದ ಅಯಸ್ಕಾಂತ ಹಿಡಿದು ತೆರೆಯುವುದು, ಮುಚ್ಚುವುದು, ಮತ್ತೆ ಮತ್ತೆ ಕತ್ತರಿ ಹಾಕದಿರುವುದು ಅವರ ಆಸೆ. ಇನ್ನೂ ಮಕ್ಕಳವರೆಗೆ ಹೋಗಿಲ್ಲ, ಮೇಜಿನ ಮೇಲಿನ ಪರೀಕ್ಷೆಯೇ ಮುಗಿದಿಲ್ಲ. ಆದರೂ ಐಸಕ್ಕ ಆ ತಂತಿಯನ್ನು ಮುಟ್ಟುವ ರೀತಿ ನೋಡಿದರೆ ಹೋಗಿಯೇಬಿಟ್ಟಿದೆ ಎನ್ನಿಸುತ್ತದೆ.

ಆ ನೆನಪು ಉಳಿಯುವುದೂ ಅಳಿಯುವುದೂ ಅವರ ಮೂರು ಸೆಕೆಂಡಿನಲ್ಲಿ. ಒಂಬೈನೂರೈವತ್ತು ಡಿಗ್ರಿಯಲ್ಲಿ ಎರಡು ಲೋಹಗಳೂ ಹಾಲು ನೀರಿನ ಹಾಗೆ ಬೆರೆತಿರುತ್ತವೆ. ತಾನಾಗಿ ಆರಲು ಬಿಟ್ಟರೆ ಕಬ್ಬಿಣ ಒಂದು ಮೂಲೆ ಹಿಡಿಯುತ್ತದೆ, ಪಲ್ಲಾಡಿಯಂ ಹೆಚ್ಚಿರುವ ಪಾಲು ಇನ್ನೊಂದು ಮೂಲೆ. ಆಮೇಲೆ ಅದು ಬರೀ ಗಡಸು ತಂತಿ. ಇದನ್ನು ಕಾರ್ಖಾನೆ ನೋಡಿಕೊಳ್ಳುವ ಮೇಷ್ಟ್ರು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತಾರೆ. ಐಸಕ್ಕನ ವಿವರಣೆ ಬೇರೆ.

"ಬಿಸಿ ಇರೋವಾಗ ಇಬ್ರೂ ಚೆನ್ನಾಗಿರ್ತಾರೆ. ಆರ್ತಾ ಆರ್ತಾ ಬೇರೆ ಸಂಸಾರ ಹೂಡೋ ಯೋಚನೆ ಬರುತ್ತೆ. ಆ ಯೋಚನೆಗೆ ಟೈಮ್ ಕೊಡಬಾರದು ಅಷ್ಟೆ. ಒಟ್ಟಿಗೆ ಇರೋವಾಗಲೇ ಹಿಡಿದು ನೀರಿಗೆ ಹಾಕಿಬಿಡಬೇಕು."

ಪಕ್ಕದ ಕೋಣೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಅವೇ ಎರಡು ಲೋಹಗಳನ್ನು ಅರ್ಧಕ್ಕರ್ಧ ಬೆರೆಸಿ, ದಿನಗಟ್ಟಲೆ ಹದವಾದ ಶಾಖದಲ್ಲಿ ಇಡುತ್ತಾರೆ. ಕಬ್ಬಿಣದ ಒಂದು ಪದರ, ಪಲ್ಲಾಡಿಯಂನ ಒಂದು ಪದರ ಸಾಲಾಗಿ ಕೂತು ಹಠಮಾರಿ ಅಯಸ್ಕಾಂತವಾಗುತ್ತದೆ, ಹಿಡಿದ ದಿಕ್ಕು ಬಿಡುವುದಿಲ್ಲ. ಅದು ತಾಳ್ಮೆಯವರ ಕೋಣೆ, ಇದು ಅವಸರದವರ ಕೋಣೆ ಎಂದು ಐಸಕ್ಕ ನಗುತ್ತಾರೆ.

ಇಷ್ಟು ಹೇಳಿದ ಮೇಲೆ ಅವರ ಕಿವಿಯ ಮಾತನ್ನೂ ಹೇಳಬೇಕು. ಈ ಕೆಲಸಕ್ಕೆ ಬರುವ ಮೊದಲು ಹನ್ನೊಂದು ವರ್ಷ ಅವರು ವಾಷರ್ ಒತ್ತುವ ಶೆಡ್ಡಿನಲ್ಲಿದ್ದರು. ದಿನಕ್ಕೆ ಹನ್ನೆರಡು ಸಾವಿರ ವಾಷರ್, ಒಂದೊಂದಕ್ಕೂ ಒಂದು ಏಟು. ಕಿವಿಗೆ ಹತ್ತಿ ತುರುಕಿಕೊಂಡರೆ ಸಾಕೆಂದು ನಂಬಿದ್ದ ಕಾಲ. ಎಡಗಿವಿ ಈಗ ಹೆಸರಿಗಷ್ಟೆ. ಬಲಗಿವಿಯೂ ಎರಡು ವರ್ಷದಿಂದ ಮೆಲ್ಲಗೆ ಕೈ ಬಿಡುತ್ತಿದೆ. ಶಾಲೆಯ ವ್ಯಾನು ಓಡಿಸುವ ಗಂಡನಿಗೂ ಹೇಳಿರಲಿಲ್ಲ. ಅವರು ಬೆಳಿಗ್ಗೆ ಐದಕ್ಕೆ ಹೋದರೆ ಬರುವುದು ಸಂಜೆಗೆ, ಬಂದ ಮೇಲೆ ಇಡೀ ದಿನ ಮಕ್ಕಳ ಗದ್ದಲ ಕೇಳಿದ ಮನುಷ್ಯ ಮಾತು ಕಮ್ಮಿಯಾದರೆ ಪುಣ್ಯ ಎನ್ನುತ್ತಾರೆ.

ಕಾರ್ಖಾನೆಯಲ್ಲಿ ಹೇಳದಿರಲು ಕಾರಣವಿತ್ತು. ಕುಲುಮೆಯ ಬಳಿ ನಿಲ್ಲುವವರೆಲ್ಲ ಕಿವಿಯ ಪರೀಕ್ಷೆಗೆ ಹೋಗಬೇಕೆಂದು ಹೊಸ ನಿಯಮ ಬಂದಿತ್ತು. ತೇರ್ಗಡೆಯಾಗದವರಿಗೆ ಪ್ಯಾಕಿಂಗ್ ಕೋಣೆ. ಮೊದಲ ಸಲ ನೆಗಡಿ ಎಂದು ತಪ್ಪಿಸಿಕೊಂಡರು, ಎರಡನೇ ಸಲ ಮಗಳಿಗೆ ಪರೀಕ್ಷೆ ಎಂದರು. ಮೂರನೆಯ ದಿನಾಂಕ ಈ ಶನಿವಾರ.

"ಪ್ಯಾಕಿಂಗ್ ಕೀಳು ಅಂತಲ್ಲ," ಎನ್ನುತ್ತಾರೆ. "ಆದ್ರೆ ನನಗೆ ಬರೋದು ಇದೊಂದೇ. ಹನ್ನೊಂದು ವರ್ಷ ನಾನಿಲ್ದೇ ಇದ್ರೂ ನಡೀತಿದ್ದ ಕೆಲಸ ಮಾಡ್ದೆ. ಇಲ್ಲಿ ನಾನು ಬೇಕು." ಕಿವಿಯ ವಿಷಯ ಬರೆಯಬಹುದೇ ಎಂದರೆ ಕೈ ಬೀಸುತ್ತಾರೆ. "ಈಗ ಬರೀರಿ. ಈಗ ಎಲ್ರಿಗೂ ಗೊತ್ತಾಯ್ತಲ್ಲ."

ಗೊತ್ತಾಗಿದ್ದು ಐಸ್ ಇಲ್ಲದ ಆ ಬೆಳಿಗ್ಗೆಯೇ.

ಮನೆಯ ಫ್ರಿಜ್ಜಿನಲ್ಲಿ ಸಿಕ್ಕಿದ್ದು ಎರಡು ಟ್ರೇ. ತಾಯಿ ಮಗಳು ಒಂದೊಂದು ಬಕೆಟ್ ಹಿಡಿದು ಬೀದಿಯ ಬಾಗಿಲುಗಳನ್ನು ತಟ್ಟುತ್ತಾ ಹೊರಡುತ್ತಾರೆ. ಮಹಡಿ ಮನೆಯ ಅಜ್ಜಿ ಟ್ರೇ ಬಗ್ಗಿಸುತ್ತಾ, ಯಾರಿಗಮ್ಮ ಜ್ವರ ಎಂದು ಕೇಳುತ್ತಾರೆ.

"ಜೋರೇನಿಲ್ಲ ಅಜ್ಜಿ, ಎರಡು ಬಕೆಟ್ ತುಂಬಿದ್ರೆ ಸಾಕು."

ಅಜ್ಜಿ ಟ್ರೇ ಹಿಡಿದುಕೊಂಡೇ ನಿಲ್ಲುತ್ತಾರೆ. ಮಗಳು ಅಡ್ಡ ಬಂದು, ಜ್ವರ ಯಾರಿಗೂ ಇಲ್ಲ, ಅಮ್ಮನ ತಂತಿಗೆ ಐಸ್ ಬೇಕು ಎಂದು ಮಾತು ಕೂಡಿಸುತ್ತಾಳೆ. ತಂತಿಗೂ ಜ್ವರ ಬರೋ ಕಾಲ ಬಂತಲ್ಲ ಎಂದು ಅಜ್ಜಿ ಗೊಣಗಿ, ಕೆಳಗಿನ ಡಬ್ಬಿಯಲ್ಲಿದ್ದ ಐಸನ್ನೂ ಸುರಿಯುತ್ತಾರೆ. ಮುಂದಿನ ನಾಲ್ಕು ಮನೆಗಳಲ್ಲಿ ಮಗಳೇ ಮೊದಲು ಬಾಯಿ ತೆರೆಯುತ್ತಾಳೆ. ಅಮ್ಮ ಹಿಂದೆ ನಿಂತು ನಗುಮುಖ ಇಟ್ಟುಕೊಂಡರೆ ಸಾಕು ಎಂಬಂತೆ ಎಲ್ಲವನ್ನೂ ತಾನೇ ನಡೆಸುತ್ತಾಳೆ. ಇವಳಿಗೆ ಯಾವಾಗ ಇಷ್ಟು ಮಾತು ಬಂತು ಎಂದು ಐಸಕ್ಕ ಅಚ್ಚರಿಪಡುತ್ತಾರೆ. ಒಂದೆರಡು ಸಲ ಮಗಳು ಅವರ ಕಡೆ ತಿರುಗಿ ಏನೋ ಕೇಳಲು ಬಾಯಿ ತೆರೆದು, ಮತ್ತೆ ಮುಚ್ಚುತ್ತಾಳೆ. ಬಕೆಟ್ ಭಾರವಿರಬೇಕು ಅಂದುಕೊಳ್ಳುತ್ತಾರೆ.

ಆರೂ ಮುಕ್ಕಾಲಿಗೆ ಕಾರ್ಖಾನೆ. ಮಗಳನ್ನು ಗಾಜಿನ ಕಿಟಕಿಯ ಆಫೀಸು ಕೋಣೆಯಲ್ಲಿ ಕೂರಿಸಿ, ಐಸಕ್ಕ ದಪ್ಪ ಕೋಟು, ಮೊಣಕೈವರೆಗಿನ ಕೈಗವಸು, ಮುಖಕ್ಕೆ ಪಾರದರ್ಶಕ ಗುರಾಣಿ ಹಾಕಿಕೊಳ್ಳುತ್ತಾರೆ. ತೊಟ್ಟಿಯಲ್ಲಿ ನಲವತ್ತು ಲೀಟರ್ ನೀರು. ತಂದ ಐಸನ್ನೆಲ್ಲ ಸುರಿದರೂ ತೇಲುವ ಪದರ ತೆಳ್ಳಗಿದೆ. ತಂತಿ ಎಳೆಯುವವರನ್ನು ಎಲ್ಲರೂ ತಂತಿಯಣ್ಣ ಅನ್ನುತ್ತಾರೆ, ಐಸಕ್ಕನಿಗಿಂತ ಹತ್ತು ವರ್ಷ ದೊಡ್ಡವರು. ಅವರು ಮೂಲೆಯ ಸಿಲಿಂಡರ್ ತೋರಿಸಿ, ದ್ರವ ಸಾರಜನಕ ಇದೆಯಲ್ಲ, ಐಸಿಗಿಂತ ಎಷ್ಟೋ ಪಾಲು ತಣ್ಣಗೆ, ಅದನ್ನೇ ಸುರಿದರಾಯ್ತು ಎನ್ನುತ್ತಾರೆ.

ಅದು ಈ ಕೋಣೆಯವರು ಮಾತ್ರ ಮಾಡಬಹುದಾದ ತಪ್ಪು, ಕೆಲಸಕ್ಕೆ ಸೇರಿದ ಮೊದಲ ತಿಂಗಳು ಐಸಕ್ಕ ಮಾಡಿಯೂ ಇದ್ದರು. ತಣ್ಣಗಾದಷ್ಟೂ ಒಳ್ಳೆಯದು ತಾನೇ ಎಂದು, ಐಸ್ ನೀರಿನಿಂದ ತೆಗೆದ ಚೆನ್ನಾದ ತಂತಿಗಳನ್ನು ಸಾರಜನಕದಲ್ಲಿ ಒಮ್ಮೆ ಮುಳುಗಿಸಿ ತೆಗೆದಿದ್ದರು. ಒಂದು ಮಿತಿ ದಾಟಿ ತಣ್ಣಗಾದರೆ ಈ ಲೋಹದ ಒಳಗಿನ ಜೋಡಣೆ ಬೇರೊಂದು ರೂಪಕ್ಕೆ ಮಗುಚಿಕೊಳ್ಳುತ್ತದೆ. ಆಮೇಲೆ ಬೆಚ್ಚಗಿನ ನೀರಿಗಿಟ್ಟರೂ ವಾಪಸು ಬರುವುದಿಲ್ಲ. ಅಂದು ಇಪ್ಪತ್ತು ತಂತಿಗಳು ಬಾಗಿದವು ಬಾಗಿದಂತೆಯೇ ಉಳಿದವು. ಅವತ್ತು ಬಚ್ಚಲಿಗೆ ಹೋಗಿ ಅತ್ತು ಬಂದರಂತೆ. ಈಗ ತಂತಿಯಣ್ಣನಿಗೆ ಅವರು ಹೇಳುವುದು ಇಷ್ಟೇ: ಮಗುವಿಗೆ ತಣ್ಣೀರು ಬಟ್ಟೆ ಹಾಕಬೇಕು, ಹಿಮದಲ್ಲಿ ಹೂಳಬಾರದು. ತಂತಿಯಣ್ಣ ಸೈಕಲ್ಲೇರಿ ಹೋಗಿ ಮೀನಿನ ಅಂಗಡಿಯಿಂದ ಒಂದು ಗೋಣಿ ಐಸ್ ಹೊತ್ತು ತರುತ್ತಾರೆ. ತಂತಿಗೆ ಮೀನಿನ ವಾಸನೆ ನೆನಪುಳಿದರೆ ತನ್ನನ್ನು ಕೇಳಬೇಡಿ ಎಂದು ಮೊದಲೇ ಹೇಳಿಬಿಡುತ್ತಾರೆ. ನೀರು ಎರಡು ಡಿಗ್ರಿಗೆ ಇಳಿಯುತ್ತದೆ.

ಏಳು ಗಂಟೆ. ಗಾಳಿ ತೆಗೆದು ಬಾಯಿ ಬೆಸೆದ ಗಾಜಿನಂಥ ನಳಿಕೆಗಳ ಒಳಗೆ ಐದೈದು ತಂತಿಗಳಿವೆ. ಗಾಳಿ ಸೋಕಿದರೆ ತುಕ್ಕು ಕಟ್ಟುತ್ತದೆಂದು ಈ ಏರ್ಪಾಡು. ಕುಲುಮೆಯ ಬಾಗಿಲು ತೆರೆದು, ಗಜದುದ್ದದ ಇಕ್ಕಳದಲ್ಲಿ ನಳಿಕೆ ಹಿಡಿದು, ಒಂದು ಹೆಜ್ಜೆ ತಿರುಗಿ, ನೀರಿಗಿಳಿಸಿ, ತೊಟ್ಟಿಯ ತಳದ ಕಬ್ಬಿಣದ ಅಂಚಿಗೆ ಬಡಿದು ನಳಿಕೆ ಒಡೆಯಬೇಕು. ಒಡೆದರೆ ತಾನೇ ನೀರು ತಂತಿಯನ್ನು ಮುಟ್ಟುವುದು. ಒಡೆಯದಿದ್ದರೆ ನಳಿಕೆಯೊಳಗೆ ಅದು ನಿಧಾನಕ್ಕೆ ಆರಿ ಕೆಡುತ್ತದೆ. ನೀರು ಕುದಿದು ನೊರೆಯೇಳುವುದರಿಂದ ಒಡೆದದ್ದು ಕಣ್ಣಿಗೆ ಕಾಣದು, ಸದ್ದಿನಿಂದಲೇ ತಿಳಿಯಬೇಕು. ಬಾಗಿಲಿನಿಂದ ಆ ಟಕ್ ಎಂಬ ಸದ್ದಿನವರೆಗೆ ಮೂರು ಸೆಕೆಂಡು.

ಒಂದು, ಎರಡು, ಮೂರು ನಳಿಕೆ ಸರಾಗವಾಗಿ ಇಳಿಯುತ್ತವೆ. ನಾಲ್ಕನೆಯದನ್ನು ಬಡಿದ ಐಸಕ್ಕ ಹುಬ್ಬು ಗಂಟಿಕ್ಕಿ, ಅರೆಗಳಿಗೆಯೂ ತಡೆಯದೆ ಮತ್ತೊಮ್ಮೆ ಬಡಿಯುತ್ತಾರೆ. ಅದೇ ಹೊತ್ತಿಗೆ ಎಡಬದಿಯ ಹಿಂದಿನ ಗೋಡೆಯಲ್ಲಿ ಅಪಾಯದ ಗಂಟೆ ಕಿರುಚತೊಡಗುತ್ತದೆ. ಕುಲುಮೆಯನ್ನು ತಂಪಾಗಿಡುವ ಕೊಳವೆಯಲ್ಲಿ ನೀರು ನಿಂತಿದೆ. ಗಂಟೆ ಹೊಡೆದರೆ ಎಲ್ಲವನ್ನೂ ಬಿಟ್ಟು ಹಿಂದೆ ಸರಿಯಬೇಕೆಂಬುದು ನಿಯಮ. ತಂತಿಯಣ್ಣ ಸರಿಯುತ್ತಾರೆ, ಅಳೆಯುವವರು ಸರಿಯುತ್ತಾರೆ. ಐಸಕ್ಕ ಮಾತ್ರ ಕುಲುಮೆಯ ಬಾಗಿಲಿಗೆ ಹೋಗಿ ಐದನೆಯದನ್ನು ಹಿಡಿಯುತ್ತಾರೆ. ಮೇಷ್ಟ್ರು ಕೂಗುತ್ತಾರೆ. ಐಸಕ್ಕ ಆರನೆಯದಕ್ಕೆ ಕೈ ಹಾಕುತ್ತಾರೆ. ಅದನ್ನೂ ನೀರಿಗಿಳಿಸಿ ಒಡೆದು ತಲೆಯೆತ್ತಿದಾಗ ಮೇಷ್ಟ್ರು ಎದುರಿಗೇ ನಿಂತಿದ್ದಾರೆ, ತಂತಿಯಣ್ಣ ಕೊಳವೆಯ ತಿರುಪು ತಿರುಗಿಸುತ್ತಿದ್ದಾರೆ, ಕಿಟಕಿಯಾಚೆ ಮಗಳು ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ನಿಂತಿದ್ದಾಳೆ. ಎಲ್ಲರ ಮುಖ ನೋಡಿದ ಮೇಲೆ ಅವರಿಗೆ ತಿಳಿಯುತ್ತದೆ.

ಮೇಷ್ಟ್ರು ಹಿಂದೆ ಕಾಲೇಜಿನಲ್ಲಿ ಪಾಠ ಹೇಳಿದವರು, ಸಿಟ್ಟು ಬಂದರೆ ದನಿ ತಗ್ಗಿಸುತ್ತಾರೆ. ಅವತ್ತು ತಗ್ಗಿಸಿದರೆ ಪ್ರಯೋಜನವಿಲ್ಲವೆಂದು ಗೊತ್ತಾಗಿ ತೊಟ್ಟಿಯ ಕಡೆ ತಿರುಗುತ್ತಾರೆ. ಮೊದಲು ತಂತಿಗಳ ಪರೀಕ್ಷೆ. ಮೂವತ್ತು ತಂತಿಗಳನ್ನೂ ತಣ್ಣೀರಿನಲ್ಲಿ ಬಾಗಿಸಿ ಬೆಚ್ಚಗಿನ ನೀರಿಗೆ ಬಿಡುತ್ತಾರೆ. ನಾಲ್ಕನೆಯ ನಳಿಕೆಯ ಒಂದು ತಂತಿ ಅರೆಬರೆ ಮಡಚಿಕೊಂಡೇ ಉಳಿಯುತ್ತದೆ. ಇಪ್ಪತ್ತೊಂಬತ್ತು ನೆಟ್ಟಗಾಗುತ್ತವೆ. ಆಮೇಲೆ ಮೇಷ್ಟ್ರು ಎರಡು ವರ್ಷದ ದಾಖಲೆ ತೆರೆದು ಕೂರುತ್ತಾರೆ. ಕೆಟ್ಟ ತಂತಿಗಳ ಸಂಖ್ಯೆ ಎಲ್ಲೂ ಏರಿಲ್ಲ. ಕಿವಿ ಕೇಳದವರು ಸದ್ದು ಕೇಳಿ ಮಾಡುವ ಕೆಲಸವನ್ನು ಮಾಡಿದ್ದು ಹೇಗೆ?

ಹೇಗೆ ಅಂದರೆ, ಟಕ್ ಅನ್ನುತ್ತಲ್ಲ, ಅದೊಂದು ಚೆನ್ನಾಗೇ ಕೇಳುತ್ತೆ ಎಂದು ಐಸಕ್ಕ ವಾದಿಸುತ್ತಾರೆ. ಮೇಷ್ಟ್ರು ಅವರ ಕಿವಿಗೆ ಮೇಣದ ಬಿರಡೆ ಹಾಕಿಸಿ, ಮೇಲೆ ದಪ್ಪ ಕಿವಿಗಾಪು ತೊಡಿಸುತ್ತಾರೆ. ಎಂಟು ಖಾಲಿ ನಳಿಕೆಗಳನ್ನು ಕಾಯಿಸಿ ಕೊಡುತ್ತಾರೆ. ಅವುಗಳಲ್ಲಿ ಎರಡು, ಒಂದೇ ಏಟಿಗೆ ಒಡೆಯದಷ್ಟು ದಪ್ಪ. ಯಾವುವೆಂದು ಹೇಳುವುದಿಲ್ಲ. ಐಸಕ್ಕ ಒಂದೊಂದನ್ನೂ ಬಡಿದು, ಒಡೆದದ್ದಕ್ಕೆ ತಲೆಯಾಡಿಸುತ್ತಾರೆ, ಮೂರನೆಯದಕ್ಕೂ ಏಳನೆಯದಕ್ಕೂ ಇಲ್ಲವೆಂದು ಕೈ ಅಲ್ಲಾಡಿಸುತ್ತಾರೆ. ಎಂಟಕ್ಕೆ ಎಂಟೂ ಸರಿ.

"ಕೇಳಿಸ್ತು ಸರ್, ಹೇಳಲಿಲ್ವಾ," ಎನ್ನುತ್ತಾರೆ ಕಿವಿಗಾಪು ತೆಗೆದು.

ಮೇಷ್ಟ್ರು ಅವರ ಕೈಯಲ್ಲಿದ್ದ ಇಕ್ಕಳದ ತುದಿಯನ್ನು ಬೆರಳಿನಿಂದ ತಟ್ಟುತ್ತಾರೆ. ಐಸಕ್ಕ ತಮ್ಮ ಮಣಿಕಟ್ಟನ್ನು ನೋಡಿಕೊಳ್ಳುತ್ತಾರೆ, ಯಾರದೋ ಕೈಯನ್ನು ನೋಡಿದ ಹಾಗೆ. ಕಿವಿ ಒಂದೊಂದಾಗಿ ಸದ್ದುಗಳನ್ನು ಕೈಬಿಡುತ್ತಿದ್ದಾಗ ಕೈ ಸದ್ದಿಲ್ಲದೆ ಆ ಕೆಲಸ ಕಲಿತುಕೊಂಡಿತ್ತು. ತನ್ನ ಒಡತಿಗೂ ಅದು ತಿಳಿಸಿರಲಿಲ್ಲ. ತಂತಿಯಣ್ಣ, ಇಷ್ಟು ದಿನ ನಾನು ಹೇಳಿದ ಜೋಕುಗಳೆಲ್ಲ ಹಾಗಾದರೆ ದಂಡ ಎನ್ನುತ್ತಾರೆ. ಅಷ್ಟು ದಿನ ನಕ್ಕಿದ್ದೂ ದಂಡವೇ ಅಣ್ಣ ಎಂದು ಐಸಕ್ಕ ಉತ್ತರ ಕೊಡುತ್ತಾರೆ. ಹೇಳುತ್ತಾ ಹೇಳುತ್ತಾ ಕಣ್ಣು ಒರೆಸಿಕೊಳ್ಳುತ್ತಾರೆ.

ಆಮೇಲೆ ಮೇಷ್ಟ್ರು ಅವರನ್ನು ಎದುರಿಗೆ ಕೂರಿಸಿ, ತುಟಿ ಕಾಣುವಂತೆ ನಿಧಾನಕ್ಕೆ ಹೇಳಿದ ಮಾತು ಐಸಕ್ಕನಿಗೆ ಬಾಯಿಪಾಠವಾಗಿದೆ: "ನೋಡಮ್ಮ, ನಿನ್ನ ಕೆಲಸ ಸರಿಯಿದೆ. ನೀನು ಮುಚ್ಚಿಟ್ಟಿದ್ದು ಸರಿಯಿಲ್ಲ. ಇವತ್ತು ಕುಲುಮೆ ಸಿಡಿದಿದ್ರೆ ಆ ಹುಡುಗಿಗೆ ನಾನು ಏನು ಹೇಳಬೇಕಿತ್ತು?"

ಶನಿವಾರದ ಪರೀಕ್ಷೆಗೆ ಹೋಗಲೇಬೇಕು, ಶ್ರವಣ ಯಂತ್ರ ಹಾಕಿಸಿಕೊಳ್ಳಬೇಕು. ತೊಟ್ಟಿಯ ಎದುರಿಗೆ, ಕಣ್ಣಿಗೆ ನೇರವಾಗಿ, ಗಂಟೆಯ ಜೊತೆಗೇ ಹೊತ್ತಿಕೊಳ್ಳುವ ಕೆಂಪು ದೀಪ ಬರುತ್ತದೆ. ಅದು ಬರುವವರೆಗೆ ಕುಲುಮೆ ತೆರೆಯುವಾಗ ಮೇಷ್ಟ್ರೇ ಪಕ್ಕದಲ್ಲಿ ನಿಲ್ಲುತ್ತಾರೆ. ಇಕ್ಕಳ ಐಸಕ್ಕನ ಕೈಯಲ್ಲೇ ಇರುತ್ತದೆ. ನಿಯಮ ಮಾಡಿದವರಿಗೆ ಎಂಟು ನಳಿಕೆಯ ಕತೆಯನ್ನು ನಾನೇ ಬರೆದು ಕಳಿಸುತ್ತೇನೆ ಎಂದಿದ್ದಾರೆ ಮೇಷ್ಟ್ರು. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಈ ವಾರ ಎಂದಿನಂತೆ ದಿನಕ್ಕೆ ಆರು ನಳಿಕೆ ನಡೆಯುತ್ತಿವೆ.

ಏನಾದರೂ ಆಸೆ ಇದೆಯೇ ಎಂದರೆ ಕವಾಟದ ಮಾತೆತ್ತುತ್ತಾರೆ. "ಆ ಕವಾಟ ಎಂದಾದ್ರೂ ಒಂದು ಮಗುವಿಗೆ ಹಾಕಿದ್ರೆ ನನಗೆ ಹೇಳಿ ಅಂದಿದೀನಿ ಮೇಷ್ಟ್ರಿಗೆ. ಮಗು ಯಾರು ಅಂತೆಲ್ಲ ಬೇಡ. ಹಾಕಿದ್ವಿ, ಚೆನ್ನಾಗಿದೆ ಅಂದ್ರೆ ಸಾಕು. ಅಷ್ಟು ಕೇಳಿಸೋ ಹಾಗೆ ಇರಬೇಕು ನನ್ನ ಕಿವಿ."

ಅವತ್ತು ಶಾಲೆಗೆ ತಡವಾಗಿತ್ತು. ಮೇಷ್ಟ್ರ ಕೈಯಿಂದ ಚೀಟಿ ಬರೆಸಿಕೊಂಡು ಐಸಕ್ಕ ತಾವೇ ಮಗಳನ್ನು ಬಿಡಲು ಹೊರಡುತ್ತಾರೆ. ಒಂಬತ್ತು ಗಂಟೆಯ ರಸ್ತೆ, ಬಸ್ಸು, ಲಾರಿ, ಅಂಗಡಿಗಳ ಷಟರ್ ಎತ್ತುವ ಗದ್ದಲ. ಆ ಗದ್ದಲ ಐಸಕ್ಕನಿಗೆ ದೂರದ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದ ಹಾಗೆ. ಮಗಳು ಸ್ವಲ್ಪ ಹೊತ್ತು ಎಡಗಡೆ ನಡೆಯುತ್ತಾಳೆ. ಆಮೇಲೆ ಹಿಂದಿನಿಂದ ಸುತ್ತಿ ಬಲಗಡೆಗೆ ಬರುತ್ತಾಳೆ. ಮತ್ತೆ ಎಡಕ್ಕೆ. ಹುಷಾರು, ಗಾಡಿ ಬರುತ್ತೆ ಎಂದು ಐಸಕ್ಕ ಅವಳ ತೋಳು ಹಿಡಿಯುತ್ತಾರೆ. ಅವಳು ಕೈ ಬಿಡಿಸಿಕೊಂಡು ಎದುರಿಗೆ ಬಂದು ನಿಲ್ಲುತ್ತಾಳೆ, ದಾರಿಗೆ ಅಡ್ಡವಾಗಿ. ನಡೆಯುವವರೆಲ್ಲ ಅವರಿಬ್ಬರನ್ನು ಬಳಸಿ ಹೋಗುತ್ತಾರೆ. ಮಗಳು ಉಸಿರು ತುಂಬಿಕೊಂಡು, ಇಡೀ ರಸ್ತೆಗೆ ಕೇಳುವಷ್ಟು ಗಟ್ಟಿಯಾಗಿ ಕೇಳುತ್ತಾಳೆ:

"ಅಮ್ಮ, ನಾನು ಯಾವ ಕಡೆ ನಿಂತು ಮಾತಾಡಿದ್ರೆ ನಿಂಗೆ ಕೇಳುತ್ತೆ?"